ಬ್ರೆಡ್ಡಿನವನ ಗಾಡಿಯ ಪ್ಯಾಕಿಂಗ್

ಶೆಡ್ಡಿನ ಹಿಂದಿನ ಕೋಣೆಯಿಂದ,
ಹದಿನಾರನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಮೇಸ್ತ್ರಿಗಳಿಗೆ,

ಗಾಡಿ ರಿಪೇರಿಗೆ ಬರುವ ಗಿರಾಕಿಗಳೆಲ್ಲ ಹಾಗೆ ಕರೆಯುತ್ತಾರೆ, ನಾನೂ ಇವತ್ತು ಹಾಗೇ ಕರೆಯುತ್ತೇನೆ, ಮುನಿಸಿಕೊಳ್ಳಬೇಡಿ. ಹೇಗಿದ್ದೀರಿ? ಬಲಗೈಯನ್ನು ಈಗ ಎಲ್ಲಿಯವರೆಗೆ ಎತ್ತಲು ಬರುತ್ತದೆ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ನಿಜವಾಗಿ ಹಿಸುಕುತ್ತಿದ್ದೀರೋ, ಇಲ್ಲಾ ದಿಂಬಿನ ಕೆಳಗೆ ಬಚ್ಚಿಟ್ಟು ಹಿಸುಕಿದೆ ಎಂದು ಹೇಳುತ್ತಿದ್ದೀರೋ? ನಿದ್ದೆ ಬರುತ್ತದೆಯೇ? ಫೋನಿನಲ್ಲಿ ನೀವು ಹೂಂ, ಉಹೂಂ ಬಿಟ್ಟು ಮೂರನೆಯ ಮಾತು ಆಡುವುದಿಲ್ಲ, ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಇದರಲ್ಲಾದರೆ ನಾನು ಹೇಳಿ ಮುಗಿಸುವವರೆಗೆ ನೀವು ಎದ್ದು ಹೋಗುವಂತಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ಮಗಳು ನಿಮ್ಮ ಹಳೆಯ ಶರಟು ಹಾಕಿಕೊಂಡೇ ಓದಲು ಕೂರುತ್ತಾಳೆ, ಒಗೆಯಲು ಕೇಳಿದರೆ ಕೊಡುವುದಿಲ್ಲ. ನಾನು ಎಂದಿನಂತೆ ಹೊಲಿಗೆ ಮೆಷಿನ್ನಿನ ಮುಂದೆ ಇದ್ದೇನೆ, ಅಥವಾ ಇದ್ದೆ ಅನ್ನಬೇಕು. ಯಾಕೆಂದು ಮುಂದೆ ಹೇಳುತ್ತೇನೆ.

ಅತ್ತಿಗೆ ಫೋನು ಮಾಡಿದ್ದರು. ಮುಂದಿನ ತಿಂಗಳಿಂದ ಶೆಡ್ಡನ್ನು ಪಕ್ಕದ ಟೈರಿನವನಿಗೆ ಬಿಟ್ಟುಕೊಡಲು ನೀವು ಹೇಳಿದ್ದೀರಂತೆ, ಬೀಗದ ಕೈಯನ್ನು ಅವನಿಗೆ ನಾನೇ ಕೊಡಬೇಕಂತೆ. ಡಾಕ್ಟರು ಊರಿಗೆ ಹೋಗಬಹುದು ಅಂದರೂ ನೀವು ಇನ್ನೊಂದು ವಾರ, ಇನ್ನೊಂದು ವಾರ ಎಂದು ನಿಮ್ಮ ಅಕ್ಕನ ಮನೆಯಲ್ಲೇ ಕಾಲ ತಳ್ಳುತ್ತಿದ್ದೀರಂತೆ. ಇಷ್ಟು ದೊಡ್ಡ ಮಾತನ್ನು ನನಗೆ ಅಕ್ಕನ ಬಾಯಿಂದ ಹೇಳಿಸಿದಿರಲ್ಲ, ಅದಕ್ಕೆ ನನಗೆ ಸಿಟ್ಟು ಬಂದಿದೆ. ಆದರೆ ಸಿಟ್ಟು ಹಾಗಿರಲಿ, ಮೊದಲು ಬ್ರೆಡ್ಡಿನವನ ಕಥೆ ಕೇಳಿ.

ಬೆಳಿಗ್ಗೆ ಮನೆಮನೆಗೆ ಬ್ರೆಡ್ಡು ಹಾಕುತ್ತಾನಲ್ಲ, ಸದಾ ಶಿಳ್ಳೆ ಹೊಡೆಯುವವನು, ಅವನು ಹೋದ ವಾರ ತನ್ನ ಬೈಕು ತಳ್ಳಿಕೊಂಡು ಬಂದ. ಇಂಜಿನ್ನಿನ ಬದಿಯ ಕ್ಲಚ್ ಕವರಿನ ಅಂಚಿನಿಂದ ಆಯಿಲ್ ಸೋರಿ ಸೋರಿ ಅವನ ಬಲಗಾಲಿನ ಪ್ಯಾಂಟು ನಿಮ್ಮ ಕೆಲಸದ ಪ್ಯಾಂಟಿನ ಬಣ್ಣಕ್ಕೆ ತಿರುಗಿದೆ. ಬ್ರೆಡ್ಡಿನ ಡಬ್ಬಿಗೂ ವಾಸನೆ ಹತ್ತಿದೆ ಎಂದು ಬ್ರೆಡ್ಡು ಕೊಳ್ಳುವವರು ಮುಖ ಸಿಂಡರಿಸುತ್ತಾರಂತೆ. ಬೇರೆ ಕಡೆ ಹೋಗಪ್ಪ ಅಂದೆ. ಮೇಸ್ತ್ರಿ ಬರುವ ತನಕ ಕಾಯುತ್ತೇನೆ ಎಂದು ಗಾಡಿ ನಿಲ್ಲಿಸಿ, ಡಬ್ಬಿಯನ್ನು ಹೆಗಲಿಗೇರಿಸಿ ನಡೆದೇ ಹೋದ. ಮರುದಿನವೂ ನಡೆದೇ ಬಂದ. ಆ ಮನುಷ್ಯ ಹಾಗೆ ನಡೆಯುವುದನ್ನು ನೋಡಿ ಕೂತಿರಲು ನನ್ನಿಂದ ಆಗಲಿಲ್ಲ. ಇಷ್ಟು ವರ್ಷ ಆಯಿಲ್ ಸೋರದಂತೆ ಕವರಿನ ಸಂದಿಗೆ ನೀವು ಕೂರಿಸುವ ಪ್ಯಾಕಿಂಗ್ ಕತ್ತರಿಸಿಕೊಟ್ಟವಳು ನಾನೇ ತಾನೆ? ಕವರಿನ ಮೇಲೆ ಪ್ಯಾಕಿಂಗ್ ಕಾಗದ ಹಾಸಿ, ಅಂಚಿನುದ್ದಕ್ಕೂ ಸುತ್ತಿಗೆಯ ಗುಂಡುತಲೆಯಿಂದ ಮೆಲ್ಲಗೆ ತಟ್ಟಿ ಗುರುತು ಮೂಡಿಸಿ, ಕತ್ತರಿ ಆಡಿಸಿ ಕೊಟ್ಟರೆ "ದರ್ಜಿ ಹೆಂಡತಿ ಸಿಕ್ಕಿದ್ದು ನನ್ನ ಪುಣ್ಯ ಕಣೆ" ಅನ್ನುತ್ತಿದ್ದಿರಿ. ಕತ್ತರಿಸುವುದು ಬಂದ ಮೇಲೆ ಕೂರಿಸುವುದು ಯಾವ ಮಹಾ ಕೆಲಸ ಎಂದು ಸೆರಗು ಸಿಕ್ಕಿಸಿದೆ. ನಗಬೇಡಿ.

ಆಯಿಲ್ ಇಳಿಸಿದೆ. ಬೋಲ್ಟುಗಳನ್ನು ಬಿಚ್ಚಿ, ಉದ್ದದ್ದು ಗಿಡ್ಡದ್ದು ಕಲೆಸಿಹೋಗದಂತೆ ನೀವು ಮಾಡುವ ಹಾಗೆ ರಟ್ಟಿನ ಮೇಲೆ ಕವರಿನ ಆಕಾರ ಬರೆದು ಆಯಾ ಜಾಗದಲ್ಲಿ ಚುಚ್ಚಿಟ್ಟೆ. ಹಳೆಯ ಪ್ಯಾಕಿಂಗ್ ಕಲ್ಲಿನಂತೆ ಅಂಟಿಕೊಂಡಿತ್ತು. ಚಾಕು ಹಾಕಿದರೆ ಲೋಹಕ್ಕೆ ಗೀರು ಬೀಳುತ್ತದೆ, ಗೀರು ಬಿದ್ದಲ್ಲಿ ಆಯಿಲ್ಲಿಗೆ ದಾರಿಯಾಗುತ್ತದೆ ಎಂದು ನೀವು ಯಾರನ್ನೋ ಬೈದದ್ದು ನೆನಪಿತ್ತು. ಮರದ ಸ್ಕೇಲಿನ ತುಂಡಿನಿಂದ ಕೆರೆದೆ, ಪೆಟ್ರೋಲು ಬಟ್ಟೆಯಲ್ಲಿ ಒರೆಸಿದೆ, ಹೊಸ ಪ್ಯಾಕಿಂಗ್ ಇಟ್ಟೆ. ಆಮೇಲೆ ಟ್ಯೂಬಿನ ಅಂಟನ್ನು ಕೈಬಿಚ್ಚಿ ಬಳಿದೆ. ಸ್ವಲ್ಪ ಹಾಕಿದರೆ ಸ್ವಲ್ಪ ನಿಲ್ಲುತ್ತದೆ, ಜಾಸ್ತಿ ಹಾಕಿದರೆ ಜಾಸ್ತಿ ನಿಲ್ಲುತ್ತದೆ ಅಂತ ನನ್ನ ಲೆಕ್ಕ. ಒಂದು ತುದಿಯ ಬೋಲ್ಟಿನಿಂದ ಶುರುಮಾಡಿ, ಅಂಚು ಹೊಲಿದ ಹಾಗೆ ಒಂದಾದ ಮೇಲೊಂದರಂತೆ ಸುತ್ತಲೂ ಪೂರ್ತಿ ಬಿಗಿದು ಬಂದೆ. ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಆಯಿಲ್ ಹಾಕಿ ಗಾಡಿ ಚಾಲೂ ಮಾಡಿದ್ದೇ ತಡ, ನಾನು ಬಿಗಿಯಲು ಶುರುಮಾಡಿದ ಜಾಗದ ಎದುರು ಬದಿಯಿಂದ ಮೊದಲಿಗಿಂತ ಜೋರಾಗಿ ಸೋರಿತು.

ಮತ್ತೆ ಆಯಿಲ್ ಇಳಿಸಿ ಬಿಚ್ಚಿದೆ. ಕವರಿನ ಒಳಗೆಲ್ಲ ಅಂಟು ಹುಳದಂತೆ ಉಬ್ಬಿ ಕೂತಿತ್ತು. ಆಗ ನಿಮ್ಮ ಮಾತು ಕಿವಿಯಲ್ಲೇ ಹೇಳಿದ ಹಾಗಾಯಿತು: "ಹೊರಗೆ ಉಬ್ಬಿದ್ದನ್ನ ಒರೆಸ್ಬಹುದು ಕಣೆ, ಒಳಗೆ ಉಬ್ಬಿದ್ದು ಕಿತ್ತು ಬಂದು ಆಯಿಲ್ ದಾರಿ ಮುಚ್ಚುತ್ತೆ, ಇಂಜಿನ್ನೇ ಹೋಗುತ್ತೆ." ಒಂದು ಚೂರೂ ಒಳಗೆ ಉಳಿಯದಂತೆ ಕೆರೆದು ತೆಗೆದು, ಇದು ನನ್ನ ಕೈಲಾಗುವ ಕೆಲಸವಲ್ಲ ಎಂದು ಕೋಣೆಗೆ ಬಂದು ಬಾಕಿಯಿದ್ದ ಒಂದು ಶರಟಿಗೆ ತೋಳು ಕೂಡಿಸಲು ಕೂತೆ. ಹೆಗಲ ಮೇಲೊಂದು ಗುಂಡುಪಿನ್ನು ಚುಚ್ಚಿದೆ, ಕಂಕುಳಲ್ಲಿ ಒಂದು, ಮುಂದೊಂದು, ಹಿಂದೊಂದು. ತೋಳನ್ನು ಒಂದು ತುದಿಯಿಂದ ಹೊಲಿಯುತ್ತಾ ಹೋದರೆ ಇನ್ನೊಂದು ತುದಿಯಲ್ಲಿ ಬಟ್ಟೆ ಸೊಟ್ಟಗಾಗಿ ಉಬ್ಬುತ್ತದೆಂದು ನನಗೆ ಹೊಲಿಗೆ ಕಲಿತ ದಿನದಿಂದ ಗೊತ್ತು. ಪಿನ್ನು ಹಿಡಿದ ಕೈ ಹಾಗೇ ನಿಂತಿತು, ರೀ. ನೀವು ಒಂದು ಬೋಲ್ಟು ಅರ್ಧ ತಿರುಗಿಸಿ, ಅದನ್ನು ಬಿಟ್ಟು ಎದುರಿನದಕ್ಕೆ ಹಾರಿ, ಆಮೇಲೆ ಓರೆಯಲ್ಲಿದ್ದದ್ದಕ್ಕೆ ಹೋಗುವುದನ್ನು ನಾನು ಬಾಗಿಲಿನಿಂದ ನೋಡುತ್ತಿದ್ದೆ. ಈ ಮನುಷ್ಯನಿಗೆ ಒಂದು ಕೆಲಸ ಹಿಡಿದರೆ ನೆಟ್ಟಗೆ ಮುಗಿಸಿ ಗೊತ್ತಿಲ್ಲ, ಮನಸ್ಸು ಎಲ್ಲೋ ಇದೆ ಅಂದುಕೊಳ್ಳುತ್ತಿದ್ದೆ. ನೀವು ತೋಳು ಕೂಡಿಸುತ್ತಿದ್ದಿರಿ.

ಎರಡನೆಯ ಸಲ ಅಂಟನ್ನು ಬೆರಳ ತುದಿಯಲ್ಲಿ ತೆಳ್ಳಗೆ, ಕಂಡೂ ಕಾಣದಷ್ಟು ಸವರಿದೆ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತಾ ಬಂದೆ, ಕೊನೆಗೆ ಎಲ್ಲವನ್ನೂ ಇನ್ನೊಂದು ಸುತ್ತು ನೋಡಿದೆ. ಆತುರಪಡದೆ ಅಂಟು ಒಣಗಲು ಬಿಟ್ಟು, ಮಾರನೆಯ ದಿನ ಆಯಿಲ್ ಹಾಕಿದೆ. ಬ್ರೆಡ್ಡಿನವನು ಊರೆಲ್ಲ ಸುತ್ತಿ ಬಂದ ಮೇಲೆ ಕವರಿನ ಅಂಚಿಗೆ ನನ್ನ ಬಿಳಿ ಕರ್ಚೀಫನ್ನು ಒತ್ತಿ ನೋಡಿದೆ. ಬಿಳಿಯಾಗಿಯೇ ಇತ್ತು. ಅವನು ಕವರು ನೋಡಿ, ನನ್ನ ಮುಖ ನೋಡಿ, "ಮೇಸ್ತ್ರಿ ಕೈಯೇ ಇದು" ಅಂದ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ. ಲಕ್ವ ಹೊಡೆದ ಮೇಲೆ, ಅಕ್ಕನ ಮನೆಗೆ ಹೊರಡುವ ಹಿಂದಿನ ಸಂಜೆ, ನೀವು ಶೆಡ್ಡಿಗೆ ಹೋಗಿ ಸ್ಪ್ಯಾನರ್ ಹಿಡಿಯಲು ನೋಡಿದಿರಿ. ಅದು ಕೈಯಿಂದ ಜಾರಿ ಬಿತ್ತು. ಯಾರಾದರೂ ಕಂಡರೇನೋ ಎಂದು ಸುತ್ತ ನೋಡಿದಿರಿ. ನಾನು ಕಿಟಕಿಯಲ್ಲಿದ್ದೆ. ಆಗಲೇ ಓಡಿಬಂದು ತಬ್ಬಿಕೊಳ್ಳಬೇಕು ಅನ್ನಿಸಿತು, ನಿಮಗೆ ಅವಮಾನವಾದೀತೆಂದು ಸುಮ್ಮನಿದ್ದೆ. ನಾನು ಮದುವೆಯಾದದ್ದು ನಿಮ್ಮ ಬಲಗೈಯನ್ನಲ್ಲ, ಅದರ ಸಂಪಾದನೆಗಾಗಿ ನಾನು ನಿಮ್ಮ ಜೊತೆ ಇಲ್ಲ. ನೀವಿಲ್ಲದ ಮನೆಯಲ್ಲಿ ಚಹಾ ಕೂಡ ಒಬ್ಬಳೇ ಕುಡಿಯಲು ಬೇಜಾರು. ಇದನ್ನು ಎದುರಿಗೆ ಹೇಳಲು ನನಗೆ ಬರುವುದಿಲ್ಲ, ಬರೆದುಬಿಟ್ಟಿದ್ದೇನೆ, ಓದಿ ಅತ್ತಿಗೆಗೆ ತೋರಿಸಬೇಡಿ.

ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿ. ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ಅವರ ಮಂಡಿನೋವು ಹೇಗಿದೆ ಎಂದು ಕೇಳಿದೆ ಅನ್ನಿ. ಮಗಳು ನಿಮಗೆ ಮುತ್ತು ಕಳಿಸಿದ್ದಾಳೆ.

ಇಂತಿ ನಿಮ್ಮ
ದರ್ಜಿ ಹೆಂಡತಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಬ್ರೆಡ್ಡಿನವನು ಮತ್ತೆ ಬಂದ. ನಾನು ಹಾಕಿದ ಕವರು ಒಣಗಿಯೇ ಇದೆ, ಆದರೆ ಈಗ ಮೇಲೆ ಇಂಜಿನ್ನಿನ ಹೆಡ್ಡಿನ ಕೆಳಗೆಲ್ಲೋ ಒದ್ದೆಯಾಗುತ್ತಿದೆ. ಎಲ್ಲಿಂದ ಎಂದು ನನಗೆ ತಿಳಿಯುತ್ತಿಲ್ಲ. ಅದೇ ಹೊತ್ತಿಗೆ ಬೀಗದ ಕೈ ಕೇಳಲು ಬಂದ ಟೈರಿನವನು, ಹೊರಗಿನಿಂದಲೇ ದಪ್ಪಗೆ ಅಂಟು ಮೆತ್ತಿಬಿಡಿ ಅಂದ. ಅವನಿಗೆ ಅಂಟನ್ನೂ ಕೊಡಲಿಲ್ಲ, ಬೀಗದ ಕೈಯನ್ನೂ ಕೊಡಲಿಲ್ಲ. ಶೆಡ್ಡು ಯಾರಿಗೂ ಕೊಡುವುದಿಲ್ಲ ಎಂದು ಹೇಳಿ ಕಳಿಸಿದ್ದೇನೆ, ನಿಮ್ಮನ್ನು ಕೇಳಲಿಲ್ಲ. ಸ್ಪ್ಯಾನರ್ ನಾನು ಹಿಡಿಯುತ್ತೇನೆ. ನೀವು ಸ್ಟೂಲಿನ ಮೇಲೆ ಕೂತು, ಎಲ್ಲಿ, ಎಷ್ಟು ಎಂದು ಹೇಳಿದರೆ ಸಾಕು, ಬೈದರೂ ಪರವಾಗಿಲ್ಲ. ಕೈ ಸರಿಹೋದ ಮೇಲೆ ಬನ್ನಿ ಎಂದು ನಾನು ಹೇಳುತ್ತಿಲ್ಲ. ಸರಿಹೋಗದ ಕೈಯನ್ನೇ ತೆಗೆದುಕೊಂಡು ಬನ್ನಿ. ಬ್ರೆಡ್ಡಿನವನಿಗೆ ಗುರುವಾರ ಮೇಸ್ತ್ರಿ ಇರುತ್ತಾರೆ ಎಂದು ಮಾತು ಕೊಟ್ಟುಬಿಟ್ಟಿದ್ದೇನೆ.