ಅಜ್ಜಿ ಬೇಡಿಕೊಂಡಿದ್ದು

ಅಕ್ಕಾ,

ಹಾಲು ಕಾಯ್ಸಿದೀನಿ, ಆರಿದ ಮೇಲೆ ಫ್ರಿಜ್ಜಲ್ಲಿಡು. ಒದ್ದೆ ಟವೆಲ್ ನನ್ನ ಹಾಸಿಗೆ ಮೇಲೆ ಬಿಸಾಕಬೇಡ. ಹೇಳಿ ಹೇಳಿ ಬಾಯಿ ನೋವು ಬಂತು.

ಅಮ್ಮ ಫೋನ್ ಮಾಡಿದ್ರೆ, "ಅವಳು ದಿನಾ ಪ್ರಾರ್ಥನೆ ಮಾಡ್ತಾಳೆ" ಅಂತ ನನ್ನ ಪರವಾಗಿ ಇನ್ಮೇಲೆ ಹೇಳಬೇಡ. ನರ್ಸ್ ಕೆಲಸಕ್ಕೆ ಸೇರಿದಾಗಿಂದ ಒಂದು ದಿನಾನೂ ಮಾಡಿಲ್ಲ.

ನಿನ್ನೆ ಆಪರೇಷನ್‌ಗೆ ಹೊರಟಿದ್ದ ಒಬ್ಬ ಅಜ್ಜಿ ನನ್ನ ಕೈ ಹಿಡ್ಕೊಂಡು, "ನಂಗೋಸ್ಕರ ದೇವರ ಹತ್ರ ಒಂದು ಮಾತು ಹೇಳಮ್ಮಾ" ಅಂದ್ರು. ಕಣ್ಣು ಮುಚ್ಚಿದೆ. ಏನೂ ಬರಲಿಲ್ಲ.

"ಮರೆತೇಹೋಗಿದೆ ಅಜ್ಜಿ" ಅಂದೆ.

"ಹೋಗ್ಲಿ ಬಿಡು. ನಾನು ಹೇಳ್ತೀನಿ, ನೀನು ಹೂಂ ಅನ್ನು."

ನನ್ನ ಮುಖ ಒಂದು ಸಲ ನೋಡಿದ್ರು. ತಮ್ಮ ಆಪರೇಷನ್ ವಿಷಯ ಎತ್ತಲೇ ಇಲ್ಲ. "ಈ ಮಗೂಗೆ ಜೊತೆಗೆ ಯಾರಾದ್ರೂ ಇರ್ಲಪ್ಪಾ" ಅಂದ್ರು.

ಹೂಂ ಅಂದೆ. ಅಜ್ಜಿ ಈಗ ಚೆನ್ನಾಗಿದಾರೆ.

ನಾನು ಹೊರಟ ಮೇಲೆ ನೀನು ಬರ್ತೀಯ, ನಾನು ಬರೋಷ್ಟರಲ್ಲಿ ನೀನು ಹೊರಟಿರ್ತೀಯ. ಒಂದೇ ಮನೇಲಿದ್ದೂ ನಿನ್ನ ಮುಖ ನೋಡಿ ಹದಿನೈದು ದಿನ ಆಯ್ತು. ಭಾನುವಾರ ಇಬ್ಬರಿಗೂ ರಜೆ. ಎಲ್ಲಿಗೂ ಹೋಗಬೇಡ ಕಣೇ. ಮಾತಾಡದಿದ್ರೂ ಪರವಾಗಿಲ್ಲ, ಸುಮ್ನೆ ಮನೇಲಿರು.