ಕಮಟು ಹಿಡಿದ ಅಕ್ರೋಟು

ಮಾರ್ಚ್ 3, ಮಂಗಳವಾರ

ಹಿಟ್ಟು ಫ್ರಿಜ್ಜಿಗೆ ಹೋಯಿತು. ಬೆಣ್ಣೆ ಗಟ್ಟಿಯಾಗುವ ಮೊದಲೇ ಲಟ್ಟಿಸಿದರೆ ಮಣೆಗೆ ಅಂಟಿಕೊಂಡು ಮಾನ ಕಳೆಯುತ್ತದೆ. ಬೆಳಿಗ್ಗೆ ತ್ರಿಕೋನ ಕತ್ತರಿಸಿ, ಅಕ್ರೋಟು-ಸಕ್ಕರೆ-ದಾಲ್ಚಿನ್ನಿ ತುಂಬಿ, ಸುತ್ತಿ, ಅರ್ಧಚಂದ್ರದಂತೆ ಬಾಗಿಸಿ ಓವನ್ನಿಗೆ. ಎಂದಿನಂತೆ ಒಂದು ಡಬ್ಬಿ ಮಹಡಿಗೆ. ಓರಗಿತ್ತಿ ಆಫೀಸಿಗೆ ಒಯ್ಯುತ್ತಾಳೆ. "ಅಕ್ಕಾ, ನಿಮ್ಮ ಅರ್ಧಚಂದ್ರ ಇಲ್ದಿದ್ರೆ ನನ್ನನ್ನ ಆಫೀಸೊಳಗೇ ಬಿಡಲ್ಲ" ಅಂತಾಳೆ. ಕೇಳಲು ಹಿತವೇ.

ಮಾರ್ಚ್ 6, ಶುಕ್ರವಾರ

ಬಸ್ ಸ್ಟಾಪಿನಲ್ಲಿ ಓರಗಿತ್ತಿಯ ಆಫೀಸಿನ ರಿಸೆಪ್ಷನಿಸ್ಟ್ ಸಿಕ್ಕಳು. "ನೀವು ಪುಣ್ಯವಂತರು ಬಿಡಿ, ಅಂಥಾ ಕೈರುಚಿಯವಳು ಮನೇಲೇ ಇದ್ದಾಳೆ. ನಿಮಗೂ ಬೇಕಿಂಗ್ ಸ್ವಲ್ಪ ಕಲಿಸಿದ್ದಾಳಂತಲ್ಲ?"

ಹಲ್ಲು ಕಚ್ಚಿಕೊಂಡು ನಕ್ಕೆ.

ಎರಡು ವರ್ಷ! ಕೈ ಸುಟ್ಟುಕೊಂಡವಳು ನಾನು, ಹೆಸರು ಅವಳಿಗೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡ ಹಾಗೆ. ಅರ್ಧಚಂದ್ರ ಪ್ರಯೋಗ ಅವಳ ಕುತ್ತಿಗೆಗೇ ಮಾಡಬೇಕು.

ಇವರಿಗೆ ಹೇಳಿದೆ. "ತಿನ್ನೋ ವಿಷಯಕ್ಕೆ ಜಗಳಾನಾ? ಬಿಡೇ" ಅಂದು ಟಿವಿ ವಾಲ್ಯೂಮ್ ಏರಿಸಿದರು.

ಬಿಡುವುದಿಲ್ಲ.

ಮಾರ್ಚ್ 17, ಮಂಗಳವಾರ

ಅವಳಾಗಿಯೇ ಬಲೆಗೆ ಬಂದಳು. ಮ್ಯಾನೇಜರ್ ರಿಟೈರ್ ಆಗುತ್ತಿದ್ದಾರಂತೆ, ಶುಕ್ರವಾರ ಪಾರ್ಟಿ, ಇಡೀ ಆಫೀಸಿಗೆ ಸಾಕಾಗುವಷ್ಟು ಬೇಕಂತೆ. ಅಕ್ರೋಟು ಅವಳೇ ತಂದುಕೊಟ್ಟಳು.

"ಆಗ್ಲಮ್ಮಾ" ಅಂದೆ. ಎಷ್ಟು ಮೃದುವಾಗಿ ಅಂದೆ!

ಮಾರ್ಚ್ 19, ಮಧ್ಯಾಹ್ನ

ಅವಳು ತಂದ ಪ್ಯಾಕೆಟ್ ಮುಟ್ಟಲಿಲ್ಲ. ಮೇಲಿನ ಶೆಲ್ಫಿನಲ್ಲಿ ಹೋದ ಬೇಸಿಗೆಯ ಅಕ್ರೋಟು ಇತ್ತು. ಮೂಸಿದೆ — ಹಳೇ ಎಣ್ಣೆಯ ಕಮಟು. ನಾಲಿಗೆಗಿಟ್ಟರೆ ಗಂಟಲವರೆಗೆ ಕಹಿ. ಎಸೆಯದೆ ಇಟ್ಟದ್ದು ಒಳ್ಳೆಯದೇ ಆಯಿತು. ಯಾರೂ ಸಾಯುವುದಿಲ್ಲ. ಬಾಯಿ ಕೆಡುತ್ತದೆ, ಅವಳ ಹೆಸರು ಕೆಡುತ್ತದೆ, ಅಷ್ಟೇ.

ದಾಲ್ಚಿನ್ನಿ ದುಪ್ಪಟ್ಟು ಹಾಕಿದೆ. ಬಿಸಿಯಿರುವಾಗ ಆ ಘಮ ಎಲ್ಲವನ್ನೂ ಮುಚ್ಚುತ್ತದೆ. ನಾಳೆ ತಣ್ಣಗಾದ ಮೇಲೆ, ಮ್ಯಾನೇಜರ್ ಬಾಯಲ್ಲಿ...

ಒಳ್ಳೆ ಹೊಂಬಣ್ಣ ಬಂದಿದೆ. ಇಷ್ಟು ಚಂದ ಎಂದೂ ಬಾಗಿರಲಿಲ್ಲ. ತುಂಬಾ ದಿನಗಳ ಮೇಲೆ ಖುಷಿಯಾಗಿದ್ದೇನೆ.

ಮಾರ್ಚ್ 20, ಬೆಳಿಗ್ಗೆ

"ಅಕ್ಕಾ, ನೀವೂ ಬರ್ಲೇಬೇಕು" ಎಂದು ಹಟ. ಬರುತ್ತೇನೆ ತಾಯಿ. ಮುಂದಿನ ಸಾಲಿನಲ್ಲೇ ಕೂತು ನೋಡುತ್ತೇನೆ.

ಮಾರ್ಚ್ 22, ಭಾನುವಾರ

ಶುಕ್ರವಾರ ರಾತ್ರಿಯೂ ನಿನ್ನೆಯೂ ಬರೆಯಲು ಆಗಲಿಲ್ಲ.

ಪಾರ್ಟಿಯಲ್ಲಿ ಎಲ್ಲರ ಮುಂದೆ ಮೈಕ್ ಹಿಡಿದಳು. "ಇಷ್ಟು ದಿನ ನಾನೇ ಮಾಡಿದ್ದು ಅಂತ ಸುಳ್ಳು ಹೇಳ್ತಿದ್ದೆ. ನಂಗೆ ಹಿಟ್ಟು ಕಲಸೋಕೂ ಬರಲ್ಲ. ಮಾಡೋರು ನಮ್ಮಕ್ಕ. ಇಲ್ಲೇ ಕೂತಿದ್ದಾರೆ."

ಚಪ್ಪಾಳೆ. ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಆಮೇಲೆ ಎಲ್ಲರೂ ಕಚ್ಚಿದರು.

ಮ್ಯಾನೇಜರ್ ಅಗಿಯುವುದನ್ನು ನಿಲ್ಲಿಸಿ ಟಿಶ್ಯೂ ಹುಡುಕಿದರು. "ಅಯ್ಯೋ, ಇದು ನೀವು ಮಾಡಿದ್ದಾ?" — ರಿಸೆಪ್ಷನಿಸ್ಟ್. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಓರಗಿತ್ತಿ ಮತ್ತೆ ಮೈಕ್ ಹಿಡಿದಳು. "ತಪ್ಪು ಅಕ್ಕಂದಲ್ಲ. ಅಕ್ರೋಟು ತಂದಿದ್ದು ನಾನು, ಹಳೇದು ಅಂತ ನೋಡ್ಲಿಲ್ಲ." ತನ್ನ ತಟ್ಟೆಯದನ್ನು ಪೂರ್ತಿ ತಿಂದಳು, ಮುಖ ಕೂಡ ಕಿವುಚದೆ. ಮನೆಯವರೆಗೂ ನನ್ನ ಕೈ ಹಿಡಿದು ಅತ್ತಳು.

ಸೇಡಿನ ಸಂತೋಷವೊಂದು ನನ್ನದಾಗಿತ್ತು. ಅದನ್ನೂ ಕಿತ್ತುಕೊಂಡಳು. ಸುಳ್ಳನ್ನಾದರೂ ಕ್ಷಮಿಸಬಹುದಿತ್ತು, ಇದನ್ನು ಕ್ಷಮಿಸಲಾರೆ. ಎಲ್ಲ ಗೊತ್ತಿದ್ದೇ ನಾಟಕ ಆಡುತ್ತಿದ್ದಾಳೋ? ಹಾಗಿದ್ದರೆ ಎಷ್ಟು ಚೆನ್ನಾಗಿತ್ತು. ಇಲ್ಲ, ಅವಳಿಗೆ ಅಷ್ಟು ಬುದ್ಧಿಯಿಲ್ಲ.

ಮಾರ್ಚ್ 23, ಬೆಳಿಗ್ಗೆ 10

ರಜೆ ಹಾಕಿದ್ದಾಳೆ. ಅಕ್ರೋಟು ಕೊಟ್ಟ ಅಂಗಡಿಯವನ ಮೇಲೆ ಜಗಳಕ್ಕೆ ಹೊರಟಿದ್ದಾಳೆ. "ನಮ್ಮಕ್ಕನ ಮರ್ಯಾದೆ ಕಳೆದನಲ್ಲ, ಅವನನ್ನ ಸುಮ್ನೆ ಬಿಡಲ್ಲ. ನೀವೂ ಬನ್ನಿ ಅಕ್ಕಾ!" — ಮೆಟ್ಟಿಲಿಂದಲೇ ಕೂಗು.

ಪಾಪದ ಮುದುಕ ಅವನು. ಒಂದು ದಿನವೂ ಕೆಟ್ಟ ಸಾಮಾನು ಕೊಟ್ಟವನಲ್ಲ.

ಹೇಳಿದರೆ ಜೀವನಪೂರ್ತಿ ಅವಳೆದುರು ತಲೆ ತಗ್ಗಿಸಬೇಕು. ಹೇಳದಿದ್ದರೆ —

ಬೆಲ್ ಆಯಿತು. ಇವತ್ತೂ ನಗುತ್ತಾ ಬಾಗಿಲು ತೆಗೆದರೆ, ಅವಳಿಗಿಂತ ನಾನೇ ದೊಡ್ಡ ಸುಳ್ಳಿ.