ರಾಜ ಕುದುರೆಯ ಹಾಗೆ ಹಾರಿದ್ದು

ದೊಡ್ಡಮ್ಮ,

ಮೊನ್ನೆ ತಾನೇ ಮಾತಾಡಿದ್ದೆವು, ಮತ್ತೆ ಕಾರ್ಡ್ ಬರೆದು ತಲೆ ತಿನ್ನುತ್ತಿದ್ದೇನೆ, ಕ್ಷಮಿಸಿ. ಫೋನಿನಲ್ಲಿ ಕೇಳಿದರೆ ಇಡೀ ಹಾಸ್ಟೆಲಿಗೆ ಕೇಳಿಸುತ್ತದೆ. ಪೋಸ್ಟ್‌ಮ್ಯಾನ್ ಓದಿದರೆ ಓದಲಿ, ಅವರಿಗೆ ಚೆಸ್ ಬರಲಿಕ್ಕಿಲ್ಲ.

ಕಾಲೇಜು ಟೀಮಿನಲ್ಲಿ ಒಬ್ಬರು ಕಡಿಮೆಯಿದ್ದರು, ನನಗೆ ಬರುತ್ತದೆ ಎಂದುಬಿಟ್ಟೆ. ಇವತ್ತು ಮೊದಲ ಟೂರ್ನಮೆಂಟ್ ಆಟ. ಹಾಲ್‌ನಲ್ಲಿ ಗಡಿಯಾರಗಳ ಸದ್ದು ಬಿಟ್ಟರೆ ಉಸಿರೂ ಕೇಳಿಸದು. ನೀವು ಕಲಿಸಿದ ಓಪನಿಂಗನ್ನೇ ಆಡಿದೆ. ಮೊದಲು ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದೆ. ಆಮೇಲೆ ಕುದುರೆಯ ಮುಂದಿನ ಪದಾತಿಯನ್ನು ಒಂದು ಮನೆ ಸರಿಸಿ, ಅದು ಬಿಟ್ಟ ಜಾಗಕ್ಕೆ ರಾಜನನ್ನು ಕುದುರೆಯ ಹಾಗೆ ಹಾರಿಸಿದೆ. ಎದುರಿನ ಹುಡುಗಿ ಕೈಯೆತ್ತಿ ರೆಫರಿಯನ್ನು ಕರೆದಳು.

“ರಾಜ ಹಾರೋದು ಯಾವ ಊರಲ್ಲಮ್ಮಾ? ಮುಟ್ಟಿದ್ದೀಯ, ಈಗ ಅವನನ್ನೇ ಸರಿಯಾಗಿ ನಡೆಸು” ಅಂದರು ಅವರು.

ಒಂದು ಮನೆ ಮುಂದಿಟ್ಟೆ. ಪಾಪ, ರಾಜ ಬಯಲಲ್ಲೇ ನಿಂತು ಸೋತ.

“ಯಾರೇ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?” ಅಂದಳು ನಮ್ಮ ಕ್ಯಾಪ್ಟನ್. ನಿಮ್ಮ ಹೆಸರೆತ್ತಲಿಲ್ಲ, ಟೆನ್ಷನ್‌ನಲ್ಲಿ ಕೈ ತಪ್ಪಿತು ಅಂದೆ. “ತಿಂಗಳ ಕೊನೆಗೆ ಇನ್ನೊಂದು ಚಾನ್ಸ್. ಮತ್ತೆ ಹೀಗಾದ್ರೆ ನಿನ್ ಜಾಗಕ್ಕೆ ಬೇರೆಯವ್ರು.”



ಮನೆಯಲ್ಲಿ ಎಲ್ಲರೂ ರಾಜನನ್ನು ಒಂದು ಸಲ ಹಾರಿಸುತ್ತಿದ್ದೆವಲ್ಲ, ಲೋಕವೆಲ್ಲ ಹಾಗೆಂದೇ ತಿಳಿದಿದ್ದೆ. ರೂಲ್ ಬುಕ್ ತಂದಿದ್ದೇನೆ. ಆದರೆ ಆಡುವಾಗ ಕೈ ಮನೆಯ ಆಟವನ್ನೇ ಆಡುತ್ತದೆ. ಇನ್ನು ಯಾವ್ಯಾವುದು ನಮ್ಮ ಮನೆಯದಷ್ಟೇ ಎಂದು ನೀವೇ ಹೇಳಬೇಕು, ಒಂದನ್ನೂ ಬಿಡಬೇಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು. ನಿಮ್ಮ ಚೋಟು. ಇದು ಕೈಗೆ ಸಿಕ್ಕ ದಿನವೇ ಉತ್ತರ ಹಾಕಿ.